ಐನೂರು ಗಂಟೆಯ ತರಬೇತಿ: ಸಹಿ ಹಾಕುವ ಮುನ್ನ ನೋಡಬೇಕಾದ್ದು

ಡಿ.ಫಾರ್ಮ ಮುಗಿಸುವ ಪ್ರತಿ ವಿದ್ಯಾರ್ಥಿಯ ಕೈಯಲ್ಲೂ ಕೊನೆಗೊಂದು ನಮೂನೆ ಇರುತ್ತದೆ. ಇಂಥ ಆಸ್ಪತ್ರೆಯಲ್ಲೋ ಇಂಥ ಮೆಡಿಕಲ್ ಸ್ಟೋರಿನಲ್ಲೋ 500 ಗಂಟೆ ಪ್ರಾಯೋಗಿಕ ತರಬೇತಿ ಪಡೆದಿದ್ದಾರೆ ಎಂದು ಅದರಲ್ಲಿ ಬರೆದಿರುತ್ತದೆ. ಅದರ ಕೆಳಗೆ ತರಬೇತಿ ಕೊಟ್ಟ ನೋಂದಾಯಿತ ಫಾರ್ಮಸಿಸ್ಟರ ಸಹಿ ಮತ್ತು ಸೀಲು. ಅಂಥವರನ್ನು ನಿಯಮಾವಳಿ ‘ಅಪ್ರೆಂಟಿಸ್ ಮಾಸ್ಟರ್’ ಎಂದು ಕರೆಯುತ್ತದೆ. ಆ ಸಹಿ ಬಿದ್ದರೆ ರಾಜ್ಯ ಫಾರ್ಮಸಿ ಕೌನ್ಸಿಲಿನಲ್ಲಿ ನೋಂದಣಿಯ ದಾರಿ ತೆರೆಯುತ್ತದೆ. ನೋಂದಣಿ ಆದವರು ನಾಳೆ ಹನೂರಿನಲ್ಲೋ ಯಳಂದೂರಿನಲ್ಲೋ ಒಂದು ಅಂಗಡಿಯ ಕೌಂಟರಿನಲ್ಲಿ ಒಬ್ಬರೇ ನಿಂತು ಇನ್ಸುಲಿನ್ ಕೊಡುತ್ತಾರೆ, ಮಕ್ಕಳ ಸಿರಪ್ ಕೊಡುತ್ತಾರೆ, ಫಿಟ್ಸ್ ಮಾತ್ರೆ ಕೊಡುತ್ತಾರೆ.

ನಮೂನೆ ಗಂಟೆಗಳನ್ನು ಎಣಿಸುತ್ತದೆ. ಆ ಗಂಟೆಗಳಲ್ಲಿ ಕೈಗೆ ಏನು ಬಂತು ಎಂಬುದನ್ನು ಅದು ಕೇಳುವುದಿಲ್ಲ. ಕೇಳಬೇಕಾದವರು ಸಹಿ ಹಾಕುವವರು. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮೆಡಿಕಲ್ ಸ್ಟೋರುಗಳಲ್ಲಿ ಮತ್ತು ಸರ್ಕಾರಿ ಆಸ್ಪತ್ರೆಗಳ ಔಷಧ ವಿತರಣಾ ಕೊಠಡಿಗಳಲ್ಲಿ ತರಬೇತಿ ಕೊಡುವ ಫಾರ್ಮಸಿಸ್ಟರು, ಅಲ್ಲಿಗೆ ಕಲಿಯಲು ಹೋಗುವ ಹುಡುಗ ಹುಡುಗಿಯರು, ಅವರ ತಂದೆತಾಯಿಯರು ಈ ಲೇಖನದ ಓದುಗರು. ಕಲಿತದ್ದನ್ನು ಅಳೆಯುವ ಬಗೆ ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ನಿಯಮ ಏನು ಹೇಳುತ್ತದೆ

1991ರ ಶಿಕ್ಷಣ ನಿಯಮಾವಳಿಯೇ 500 ಗಂಟೆಯಲ್ಲಿ ಕನಿಷ್ಠ 250 ಗಂಟೆ ಚೀಟಿ ನೋಡಿ ಔಷಧ ಕೊಡುವ ಕೆಲಸಕ್ಕೇ ಹೋಗಬೇಕು ಎಂದಿತ್ತು. ಒಬ್ಬ ನೋಂದಾಯಿತ ಫಾರ್ಮಸಿಸ್ಟ್ ಇರುವ ಕಡೆ ಇಬ್ಬರಿಗಿಂತ ಹೆಚ್ಚು ತರಬೇತಿದಾರರು ಇರಕೂಡದು, ಇನ್ನೊಬ್ಬ ಫಾರ್ಮಸಿಸ್ಟ್ ಇದ್ದರೆ ಇನ್ನೊಬ್ಬರನ್ನು ಮಾತ್ರ ಸೇರಿಸಿಕೊಳ್ಳಬಹುದು ಎಂಬ ಮಿತಿಯೂ ಅದರಲ್ಲಿತ್ತು. 2020ರ ಹೊಸ ನಿಯಮಾವಳಿ 500 ಗಂಟೆ, ಕನಿಷ್ಠ ಮೂರು ತಿಂಗಳು ಎಂಬುದನ್ನು ಹಾಗೇ ಉಳಿಸಿಕೊಂಡಿದೆ. ತಿಂಗಳಿಗೆ 25 ದಿನದ ಲೆಕ್ಕ ಹಿಡಿದರೆ ದಿನಕ್ಕೆ ಆರೂವರೆ ಗಂಟೆಗಿಂತ ಹೆಚ್ಚೇ ಆಯಿತು. ಸಂಜೆ ಒಂದು ಗಂಟೆ ಬಂದು ನಿಂತು ಹೋದರೆ ಮೂರು ತಿಂಗಳಲ್ಲಿ ಇದು ತುಂಬುವುದಿಲ್ಲ.

ಕಲಿಸಬೇಕಾದ್ದನ್ನೂ ನಿಯಮ ಹೆಸರಿಸಿದೆ: ಚೀಟಿ ಓದುವುದು, ಡೋಸ್ ಸರಿಯಿದೆಯೇ ಎಂದು ಪರೀಕ್ಷಿಸುವುದು, ಔಷಧ ಕೊಡುವುದು, ದಾಸ್ತಾನು ಕಾಯುವುದು, ಕಾನೂನು ಕೇಳುವ ದಾಖಲೆಗಳನ್ನು ಬರೆಯುವುದು. 2015ರ ಫಾರ್ಮಸಿ ಪ್ರಾಕ್ಟೀಸ್ ರೆಗ್ಯುಲೇಷನ್ಸ್ ಇದಕ್ಕೆ ಇನ್ನೊಂದು ದೊಡ್ಡ ಹೊಣೆ ಸೇರಿಸಿತು. ಔಷಧ ಕೊಡುವಾಗ ಫಾರ್ಮಸಿಸ್ಟ್ ತಾನಾಗಿಯೇ ರೋಗಿಯೊಡನೆ ಮಾತು ತೆಗೆಯಬೇಕು. ಮಾತ್ರೆ ಯಾವುದಕ್ಕೆ, ಎಷ್ಟು ಹೊತ್ತಿಗೆ, ಎಷ್ಟು ದಿನ, ಏನು ತೊಂದರೆ ಕಾಣಬಹುದು, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಮನೆಯಲ್ಲಿ ಎಲ್ಲಿ ಇಡಬೇಕು ಎಂಬುದನ್ನೆಲ್ಲ ಹೇಳಬೇಕು.

2022ರಲ್ಲಿ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ಡಿಪ್ಲೊಮಾದವರಿಗೆ ಎಕ್ಸಿಟ್ ಪರೀಕ್ಷೆಯ ನಿಯಮ ತಂದಿತು. ಮೂರು ಪತ್ರಿಕೆ, ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳು. ಅಂಥ ಪರೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದು ಅಳೆಯುವುದು ತಲೆಯಲ್ಲಿರುವುದನ್ನು. ಕೌಂಟರಿನಲ್ಲಿ ಐದು ಜನ ಒಟ್ಟಿಗೆ ಚೀಟಿ ಚಾಚಿ ನಿಂತಾಗ ಆ ತಿಳಿವಳಿಕೆ ಕೈಗೆ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ತರಬೇತಿಯ ಜಾಗದಲ್ಲೇ ಸಿಗಬೇಕು.

ಅಮೆರಿಕದ ವೈದ್ಯಕೀಯ ಶಿಕ್ಷಣ ತಜ್ಞ ಜಾರ್ಜ್ ಮಿಲ್ಲರ್ 1990ರಲ್ಲಿ ಈ ವ್ಯತ್ಯಾಸವನ್ನು ನಾಲ್ಕು ಮೆಟ್ಟಿಲುಗಳಲ್ಲಿ ತೋರಿಸಿದರು: ವಿಷಯ ಗೊತ್ತಿರುವುದು, ಮಾಡುವ ವಿಧಾನ ಗೊತ್ತಿರುವುದು, ಪರೀಕ್ಷಕರ ಮುಂದೆ ಮಾಡಿ ತೋರಿಸುವುದು, ದಿನನಿತ್ಯದ ಕೆಲಸದಲ್ಲಿ ನಿಜವಾಗಿ ಮಾಡುವುದು. ಮೊದಲ ಎರಡನ್ನು ಕಾಲೇಜು ಮತ್ತು ಬೋರ್ಡ್ ಪರೀಕ್ಷೆ ನೋಡಿಕೊಳ್ಳುತ್ತವೆ. ಕೊನೆಯ ಎರಡು ಅಪ್ರೆಂಟಿಸ್ ಮಾಸ್ಟರರ ಪಾಲಿಗೆ ಬಿದ್ದವು.

ಕಣ್ಣೆದುರಿನ ಐದು ನಿಮಿಷ

ಅಳೆಯುವ ಅತ್ಯುತ್ತಮ ವಿಧಾನಕ್ಕೆ ಖರ್ಚಿಲ್ಲ. ವಿದ್ಯಾರ್ಥಿ ಒಬ್ಬ ರೋಗಿಗೆ ಔಷಧ ಕೊಡುವುದನ್ನು ಪಕ್ಕದಲ್ಲಿ ನಿಂತು, ಮಧ್ಯೆ ಬಾಯಿ ಹಾಕದೆ, ಮೊದಲಿನಿಂದ ಕೊನೆಯವರೆಗೆ ನೋಡುವುದು. ಅಪಾಯ ಕಂಡರೆ ಮಾತ್ರ ತಡೆಯುವುದು. ರೋಗಿ ಹೋದ ಮೇಲೆ ಎರಡು ನಿಮಿಷ ಕೂತು ಮಾತಾಡುವುದು. ಸ್ಥಳೀಯ ಮೆಡಿಕಲ್ ಸ್ಟೋರಿನಲ್ಲಿ ಒಂದು ವ್ಯವಹಾರಕ್ಕೆ ಐದು ನಿಮಿಷ ಹಿಡಿಯುವುದಿಲ್ಲ. ವಾರಕ್ಕೆ ಮೂರು ಸಲ ಹೀಗೆ ನೋಡಿದರೆ ಮೂರು ತಿಂಗಳಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಆಗುತ್ತದೆ. ವೈದ್ಯರ ತರಬೇತಿಯಲ್ಲಿ ಈ ಬಗೆಯ ಸಣ್ಣ ಸಣ್ಣ ಅವಲೋಕನಗಳನ್ನು ಜಾನ್ ನೊರ್ಸಿನಿ ಮತ್ತು ಜೊತೆಗಾರರು 1995ರಲ್ಲಿ ರೂಪಿಸಿದರು. ಕೊನೆಯಲ್ಲಿ ಒಂದೇ ಸಲ ನಡೆಸುವ ದೊಡ್ಡ ಪರೀಕ್ಷೆಗಿಂತ ಬೇರೆ ಬೇರೆ ದಿನ, ಬೇರೆ ಬೇರೆ ರೋಗಿಗಳ ಮುಂದೆ ಕಂಡ ಹಲವು ತುಣುಕುಗಳು ಹೆಚ್ಚು ನಂಬಿಕೆಗೆ ಅರ್ಹ. ಒಂದು ದಿನ ಎಲ್ಲರಿಗೂ ಕೆಟ್ಟದ್ದಿರುತ್ತದೆ, ಮೂವತ್ತು ದಿನವೂ ಕೆಟ್ಟದ್ದಿರುವುದಿಲ್ಲ.

ಏನನ್ನು ನೋಡಬೇಕು? ಚೀಟಿಯನ್ನು ಪೂರ್ತಿ ಓದಿದ ಮೇಲೆ ರ್‍ಯಾಕಿನ ಕಡೆ ಹೋದರೋ, ಮೊದಲ ಅಕ್ಷರ ಕಂಡ ಕೂಡಲೇ ಹೋದರೋ. ರೋಗಿಯ ಹೆಸರು, ವಯಸ್ಸು ಕೇಳಿದರೋ. ಚೀಟಿ ತಂದವರು ರೋಗಿಯೋ, ಪಕ್ಕದ ಮನೆಯವರೋ. ಸ್ಟ್ರಿಪ್ಪಿನ ಮೇಲಿನ ಹೆಸರು ಮತ್ತು ಶಕ್ತಿ, ಅಂದರೆ ಎಷ್ಟು ಮಿಲಿಗ್ರಾಂ ಎಂಬುದು, ಚೀಟಿಯೊಡನೆ ಎರಡನೇ ಸಲ ತಾಳೆಯಾಯಿತೋ. ಸ್ಟ್ರಿಪ್ ಕತ್ತರಿಸುವಾಗ ಎಕ್ಸ್‌ಪೈರಿ ಮತ್ತು ಬ್ಯಾಚ್ ನಂಬರು ಇರುವ ತುದಿ ಉಳಿಯಿತೋ. ಈ ಕೊನೆಯದು ಚಿಕ್ಕ ವಿಷಯ ಅನ್ನಿಸಬಹುದು. ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರೆ ರೋಗಿಯ ಮನೆಯಲ್ಲಿ ಹೆಸರಿಲ್ಲದ, ತಾರೀಕಿಲ್ಲದ ಬೆಳ್ಳಿ ಕಾಗದದ ತುಂಡೊಂದು ಉಳಿಯುತ್ತದೆ. ಆರು ತಿಂಗಳಾದ ಮೇಲೆ ಮನೆಯಲ್ಲಿ ಇನ್ನೊಬ್ಬರು ಅದನ್ನು ನುಂಗುತ್ತಾರೆ. ಕತ್ತರಿಸಲೇಬೇಕಾದರೆ ಕವರಿನ ಮೇಲೆ ಹೆಸರು, ಶಕ್ತಿ, ತಾರೀಕು ಬರೆದು ಕೊಡುವ ಅಭ್ಯಾಸ ವಿದ್ಯಾರ್ಥಿಗೆ ಬಂದಿದೆಯೇ ನೋಡಿ.

ಆಮೇಲೆ ಮಾತು. “ಬೆಳಿಗ್ಗೆ ಒಂದು ರಾತ್ರಿ ಒಂದು” ಎಂದು ಹೇಳಿ ಬಿಲ್ ಕೈಗಿಟ್ಟರೆ ಮಾತು ಆದಂತಲ್ಲ. ಕೇಳಿಸಿಕೊಂಡವರು ತಮ್ಮ ಬಾಯಿಂದಲೇ ತಿರುಗಿ ಹೇಳಿದಾಗ ಅದು ಮುಗಿಯುತ್ತದೆ. ಇದನ್ನು ಪರೀಕ್ಷೆಯಂತೆ ಕೇಳಿದರೆ ವಯಸ್ಸಾದವರು ಮುಜುಗರಪಡುತ್ತಾರೆ. ಒಳ್ಳೆಯ ವಿದ್ಯಾರ್ಥಿ ಹೊಣೆಯನ್ನು ತನ್ನ ಮೇಲೆ ಹಾಕಿಕೊಂಡು ಕೇಳುತ್ತಾರೆ: “ಅವ್ವ, ನಾನು ಸರಿಯಾಗಿ ಹೇಳಿದ್ನಾ ಅಂತ ಗೊತ್ತಾಗ್ಬೇಕು. ಮನೇಲಿ ಇದನ್ನ ಹೆಂಗ ತಕ್ಕತೀರಿ, ಒಂದ್ಸಲ ಹೇಳಿ.” ಈ ಒಂದು ಮಾತು ಬಾಯಿಗೆ ಬಂದಿದೆಯೇ ಇಲ್ಲವೇ ಎಂಬುದು ತರಬೇತಿಯ ಗುಣವನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ.

ನೋಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಅಂದೇ ಬರೆಯಿರಿ. ತಾರೀಕು, ಯಾವ ಬಗೆಯ ಔಷಧ, ಸರಿಯಾದದ್ದು ಒಂದು, ತಿದ್ದಿಕೊಳ್ಳಬೇಕಾದ್ದು ಒಂದು, ಇಬ್ಬರ ಸಹಿ. ರೋಗಿಯ ಹೆಸರು ಬೇಡ. ತಿದ್ದುವ ಮಾತನ್ನು ಗಿರಾಕಿಗಳ ಮುಂದೆ ಆಡಬೇಡಿ. ಹತ್ತು ಜನರ ಮುಂದೆ ಬೈಸಿಕೊಂಡವರು ಮುಂದಿನ ಸಲ ಅನುಮಾನ ಬಂದರೂ ಕೇಳುವುದಿಲ್ಲ, ಗೊತ್ತಿರುವವರಂತೆ ಕೊಟ್ಟುಬಿಡುತ್ತಾರೆ. ಔಷಧದ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಅಪಾಯವಿಲ್ಲ. “ನನಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ” ಎನ್ನುವುದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಸರಿಯಾದದ್ದರ ಸಾಲಿನಲ್ಲೇ ಬರೆಯಿರಿ.

ಮಾಡಿ ತೋರಿಸಬೇಕಾದ ಕೆಲವು

ಕೆಲವು ಸಂಗತಿಗಳು ಕಾಯುತ್ತಾ ಕೂತರೆ ಮೂರು ತಿಂಗಳಲ್ಲಿ ಎದುರಾಗದೆಯೂ ಇರಬಹುದು. ಅವುಗಳನ್ನು ನೀವೇ ಮುಂದಿಟ್ಟು ಮಾಡಿಸಬೇಕು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ವೈದ್ಯ ವಿದ್ಯಾರ್ಥಿಗಳಿಗಾಗಿ ಇಂಥದ್ದೊಂದು ಪರೀಕ್ಷೆ ರೂಪಿಸಿದರು. ಸಾಲಾಗಿ ಮೇಜುಗಳು, ಪ್ರತಿ ಮೇಜಿನಲ್ಲಿ ಒಂದು ಕೆಲಸ, ಗಂಟೆ ಬಾರಿಸಿದಾಗ ಮುಂದಿನ ಮೇಜು. ಕೊಳ್ಳೇಗಾಲದ ಅಂಗಡಿಯಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ಗಿರಾಕಿ ಕಡಿಮೆಯಿರುವ ಹೊತ್ತಿನಲ್ಲಿ ಒಂದೇ ಮೇಜಿನ ಮೇಲೆ ಇದನ್ನು ಮಾಡಬಹುದು.

ನನ್ನ ಮಟ್ಟಿಗೆ ಮೊದಲನೆಯದು ಮಕ್ಕಳ ಪ್ಯಾರಸಿಟಮಾಲ್. ಮೂರು ಬಾಟಲಿ ಇಡಿ: 5 ಎಂ.ಎಲ್.ಗೆ 125 ಮಿ.ಗ್ರಾಂ. ಇರುವ ಸಿರಪ್, 5 ಎಂ.ಎಲ್.ಗೆ 250 ಮಿ.ಗ್ರಾಂ. ಇರುವ ಸಿರಪ್, 1 ಎಂ.ಎಲ್.ಗೆ 100 ಮಿ.ಗ್ರಾಂ. ಇರುವ ಡ್ರಾಪ್ಸ್. ಮಗುವಿನ ತೂಕ 10 ಕಿಲೋ, ಚೀಟಿಯಲ್ಲಿ ‘ಪ್ಯಾರಸಿಟಮಾಲ್ 5 ಎಂ.ಎಲ್.’ ಎಂದಷ್ಟೇ ಇದೆ ಎನ್ನಿ. ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿ.ಗ್ರಾಂ. ಎಂಬ ಲೆಕ್ಕದಲ್ಲಿ ಈ ಮಗುವಿಗೆ 100ರಿಂದ 150 ಮಿ.ಗ್ರಾಂ. ಸಾಕು. ಮೊದಲ ಬಾಟಲಿಯ 5 ಎಂ.ಎಲ್. ಅಂದರೆ 125, ಸರಿಯಾಯಿತು. ಎರಡನೆಯದರಲ್ಲಿ ಅದೇ 5 ಎಂ.ಎಲ್. 250 ಆಗುತ್ತದೆ. ಡ್ರಾಪ್ಸ್‌ನಲ್ಲಿ 500 ಆಗುತ್ತದೆ, ದೊಡ್ಡವರ ಒಂದು ಮಾತ್ರೆಯಷ್ಟು. ವಿದ್ಯಾರ್ಥಿ ಕಾಗದ ತೆಗೆದುಕೊಂಡು ಲೆಕ್ಕ ಮಾಡಲಿ, ಆಮೇಲೆ ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕಾದ ಮಾತನ್ನು ನಿಮ್ಮ ಮುಂದೆ ಆಡಿ ತೋರಿಸಲಿ. ಲೆಕ್ಕ ಬಂದು ಫೋನಿನಲ್ಲಿ ಬಾಯಿ ಕಟ್ಟುವವರು ಬಹಳ ಜನ. ಎರಡೂ ಬೇಕು.

ಎರಡನೆಯದು ಇನ್ಸುಲಿನ್. ನಮ್ಮಲ್ಲಿ ವಯಲ್‌ಗಳು ಹೆಚ್ಚಾಗಿ ಎಂ.ಎಲ್.ಗೆ 40 ಯೂನಿಟ್, ಪೆನ್ನಿನ ಕಾರ್ಟ್ರಿಡ್ಜ್‌ಗಳು 100 ಯೂನಿಟ್. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಪೆನ್ನು ಕೆಟ್ಟುಹೋಯಿತೆಂದು 100 ಯೂನಿಟ್ಟಿನ ಕಾರ್ಟ್ರಿಡ್ಜಿನಿಂದ ಕೆಂಪು ಮುಚ್ಚಳದ ಸಿರಿಂಜಿಗೆ ಎಳೆದುಕೊಂಡರೆ ದೇಹಕ್ಕೆ ಎರಡೂವರೆ ಪಟ್ಟು ಹೋಗುತ್ತದೆ. ಎರಡೂ ಬಗೆಯ ಸಿರಿಂಜುಗಳನ್ನು ಕಲಸಿ ಮುಂದಿಟ್ಟು, ಈ ವಯಲ್ಲಿಗೆ ಯಾವುದು, ಯಾಕೆ ಎಂದು ಕೇಳಿ. ಫ್ರಿಜ್ಜಿನ ಥರ್ಮಾಮೀಟರ್ ಓದಿಸಿ. 2ರಿಂದ 8 ಡಿಗ್ರಿಯ ಒಳಗಿರಬೇಕು, ಫ್ರೀಜರಿನ ಗೋಡೆಗೆ ತಾಗಿರಬಾರದು. ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಬರೆದಿಡುವ ಪುಸ್ತಕವನ್ನು ಒಂದು ತಿಂಗಳು ವಿದ್ಯಾರ್ಥಿಯ ಕೈಗೇ ಕೊಟ್ಟರೆ ಅವರ ನಿಷ್ಠೆ ಗೊತ್ತಾಗುತ್ತದೆ.

ಮೂರನೆಯದು ಓ.ಆರ್.ಎಸ್. ದೊಡ್ಡ ಪೊಟ್ಟಣ ಒಂದು ಲೀಟರಿಗೆ, ಚಿಕ್ಕದು 200 ಎಂ.ಎಲ್.ಗೆ. ದೊಡ್ಡ ಪೊಟ್ಟಣದಿಂದ ಒಂದು ಚಮಚ ತೆಗೆದು ಲೋಟಕ್ಕೆ ಹಾಕುವ ತಾಯಂದಿರು ಎಲ್ಲ ಊರುಗಳಲ್ಲೂ ಇದ್ದಾರೆ. ಅದು ಕೆಲವೊಮ್ಮೆ ತೆಳುವಾಗುತ್ತದೆ, ಕೆಲವೊಮ್ಮೆ ಉಪ್ಪು ಹೆಚ್ಚಿ ಮಗುವಿಗೆ ಅಪಾಯವಾಗುತ್ತದೆ. ಒಂದು ಲೀಟರ್ ನೀರಿನ ಬಾಟಲಿ ತರಿಸಿ ಕಲಸಿ ತೋರಿಸಲಿ, 24 ಗಂಟೆ ಆದ ಮೇಲೆ ಚೆಲ್ಲಬೇಕು ಎಂದು ಹೇಳಲಿ, ಭೇದಿಯ ಮಗುವಿಗೆ ಸತು ಮಾತ್ರೆ 14 ದಿನ ಎಂಬುದನ್ನು ಮರೆಯದಿರಲಿ. ಹಣ್ಣಿನ ರಸದ ಪೆಟ್ಟಿಗೆಯ ಮೇಲೆ ಓ.ಆರ್.ಎಸ್. ಎಂದು ಮುದ್ರಿಸುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ನಿಷೇಧಿಸಿತು. ಅದೂ ಇದೂ ಒಂದೇ ಅಲ್ಲ ಎಂದು ಗಿರಾಕಿಗೆ ಬಿಡಿಸಿ ಹೇಳುವುದೂ ಪರೀಕ್ಷೆಯ ಭಾಗವಾಗಲಿ. ಮಹದೇಶ್ವರ ಬೆಟ್ಟದ ಜಾತ್ರೆಯ ದಿನಗಳಲ್ಲಿ ಕಾಲ್ನಡಿಗೆಯ ಭಕ್ತರು ಹನೂರು, ಕೌದಳ್ಳಿಯ ದಾರಿಯಲ್ಲಿ ಹೋಗುವಾಗ ಮೆಡಿಕಲ್ ಸ್ಟೋರುಗಳಲ್ಲಿ ಇದರ ಕೇಳಿಕೆ ಇದ್ದೇ ಇರುತ್ತದೆ.

ಇನ್ಹೇಲರ್, ಆಂಟಿಬಯಾಟಿಕ್ ಒಣ ಸಿರಪ್ಪಿಗೆ ಗೆರೆಯವರೆಗೆ ಕುದಿಸಿ ಆರಿಸಿದ ನೀರು ಹಾಕುವುದು, ಕಣ್ಣಿನ ಡ್ರಾಪ್ಸ್ ಬಿಡುವುದು ಇವನ್ನೂ ಕೈಯಲ್ಲೇ ಮಾಡಿಸಿ. ಉಸಿರಿನಲ್ಲಿ ಎಳೆದುಕೊಳ್ಳಬೇಕಾದ ರೊಟಾಕ್ಯಾಪನ್ನು ನೀರಿನೊಡನೆ ನುಂಗಿದ ರೋಗಿಗಳ ಬಗ್ಗೆ ಕೇಳದ ಫಾರ್ಮಸಿಸ್ಟರಿಲ್ಲ.

ಚೀಟಿಯಿಲ್ಲದೆ “ಮೈಕೈ ನೋವಿನ ಮಾತ್ರೆ ಕೊಡಿ” ಎಂದು ಬರುವವರು ಬೇರೆಯದೇ ಪರೀಕ್ಷೆ. ಪರಿಚಯದವರೊಬ್ಬರನ್ನು ಗಿರಾಕಿಯಾಗಿ ಕಳಿಸಿ. ಈ ವಾರ ಹೀಗೊಬ್ಬರು ಬರುತ್ತಾರೆ ಎಂದು ವಿದ್ಯಾರ್ಥಿಗೆ ಮೊದಲೇ ಹೇಳಿರಿ, ಯಾವ ದಿನವೆಂದು ಹೇಳಬೇಡಿ. ಯಾರಿಗೆ, ಎಷ್ಟು ದಿನದಿಂದ, ಬೇರೆ ಏನು ಮಾತ್ರೆ ನಡೆಯುತ್ತಿದೆ, ಬಿ.ಪಿ., ಶುಗರ್, ಮೂತ್ರಪಿಂಡದ ತೊಂದರೆ ಇದೆಯೇ, ಹೆಂಗಸಾದರೆ ಗರ್ಭಿಣಿಯೇ ಎಂದು ಕೇಳಿದರೋ ನೋಡಿ. ಡೈಕ್ಲೋಫೆನಾಕ್ ಷೆಡ್ಯೂಲ್ ಎಚ್‌ನಲ್ಲಿದೆ, ಚೀಟಿ ಇಲ್ಲದೆ ಕೊಡುವಂತಿಲ್ಲ. ಕೇಳಿದವರು ಕೋಪಿಸಿಕೊಂಡು ಎದುರಂಗಡಿಗೆ ಹೋದರೂ ಇಲ್ಲ ಎನ್ನುವ ಗಟ್ಟಿತನ ಬಂದಿದೆಯೇ? ಇದನ್ನು ಅಳೆಯುವ ಹಕ್ಕು ಆ ಗಟ್ಟಿತನವನ್ನು ಸ್ವತಃ ತೋರಿಸುವ ಮಾಲೀಕರಿಗೆ ಮಾತ್ರ ಇದೆ. ಷೆಡ್ಯೂಲ್ ಎಚ್1 ಪುಸ್ತಕವೂ ಹಾಗೆಯೇ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಆ ನಿಯಮದ ಪ್ರಕಾರ ಸೆಫಿಕ್ಸಿಮ್, ಆಲ್ಪ್ರಜೋಲಾಮ್, ಕ್ಷಯದ ಔಷಧಗಳಂಥವನ್ನು ಕೊಟ್ಟರೆ ಬರೆದುಕೊಟ್ಟ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಬರೆದು ಮೂರು ವರ್ಷ ಇಡಬೇಕು. ತಿಂಗಳ ಕೊನೆಯಲ್ಲಿ ಒಂದೇ ಪೆನ್ನಿನಲ್ಲಿ ಕೂತು ತುಂಬುವುದನ್ನು ನೋಡಿದ ವಿದ್ಯಾರ್ಥಿ ಅದನ್ನೇ ಕಲಿಯುತ್ತಾರೆ.

ಈ ಮೂರು ತಾಲ್ಲೂಕು ಕೇಳುವುದು

ಪುಸ್ತಕ ದೇಶಕ್ಕೆಲ್ಲ ಒಂದೇ, ಕೌಂಟರಿನ ಮುಂದೆ ನಿಲ್ಲುವವರು ಬೇರೆ. ತರಬೇತಿಯ ಅಳತೆಯಲ್ಲಿ ಇಲ್ಲಿನ ಕಾಯಿಲೆ, ಇಲ್ಲಿನ ಅಪಘಾತ, ಇಲ್ಲಿನ ಮಾತು ಸೇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾಡಂಚಿನ ಹನೂರು, ಯಳಂದೂರಿನಲ್ಲಿ ಹಾವು ಕಡಿತ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕೊಳ್ಳೇಗಾಲದ ಸರ್ಕಾರಿ ಉಪವಿಭಾಗ ಆಸ್ಪತ್ರೆಯಲ್ಲೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತರಬೇತಿಗೆ ಬಂದವರಿಗೆ ನಾಗರ, ಕಟ್ಟು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ ಎಂಬುದು, ಪುಡಿಯ ರೂಪದ ವಯಲ್ಲಿಗೆ 10 ಎಂ.ಎಲ್. ಇಂಜೆಕ್ಷನ್ ನೀರು ಹಾಕಿ ಅಲುಗಾಡಿಸದೆ ಮೆಲ್ಲಗೆ ತಿರುಗಿಸಿ ಕರಗಿಸಬೇಕು ಎಂಬುದು, ಮಕ್ಕಳಿಗೂ ದೊಡ್ಡವರಷ್ಟೇ ವಯಲ್ ಬೇಕು ಎಂಬುದು ತಿಳಿದಿರಬೇಕು. ಡೋಸ್ ವೈದ್ಯರ ಕೆಲಸ. ಫಾರ್ಮಸಿ ಅಧಿಕಾರಿಯ ಕೆಲಸ ದಾಸ್ತಾನು. ಮೊದಲ ಸುತ್ತಿಗೇ ಎಂಟು ಹತ್ತು ವಯಲ್ ಬೇಕಾಗಬಹುದು ಎಂದಾಗ, ಸ್ಟಾಕ್ ಬುಕ್ಕಿನಲ್ಲಿ ಆರು ಇದ್ದರೆ ಏನು ಮಾಡುತ್ತೀ ಎಂದು ಕೇಳಿ. ಇಂಡೆಂಟ್ ಹಾಕುವುದು, ಎಕ್ಸ್‌ಪೈರಿ ಹತ್ತಿರವಿರುವುದನ್ನು ಮುಂದಿಡುವುದು, ಪಕ್ಕದ ಆಸ್ಪತ್ರೆಯಿಂದ ತರಿಸುವುದು ಇವೆಲ್ಲ ಉತ್ತರದಲ್ಲಿ ಬರಬೇಕು.

2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್‌ಗುತ್ತಿ ಮಾರಮ್ಮನ ದೇವಸ್ಥಾನದಲ್ಲಿ ಕೀಟನಾಶಕ ಬೆರೆಸಿದ ಪ್ರಸಾದ ತಿಂದು 17 ಮಂದಿ ತೀರಿಕೊಂಡದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅದರಲ್ಲಿದ್ದದ್ದು ಮೊನೊಕ್ರೊಟೊಫಾಸ್. ಈ ಗುಂಪಿನ ವಿಷಕ್ಕೆ ಅಟ್ರೊಪಿನ್ ಬೇಕು. ಒಂದು ಆಂಪೂಲಿನಲ್ಲಿರುವುದು 0.6 ಮಿ.ಗ್ರಾಂ. ಮೊದಲ ಡೋಸ್ 3 ಮಿ.ಗ್ರಾಂ. ಎಂದರೆ ಐದು ಆಂಪೂಲ್. ಫಲ ಕಾಣದಿದ್ದರೆ ಐದು ನಿಮಿಷಕ್ಕೆ ಇಮ್ಮಡಿಸುತ್ತಾ ಹೋಗುತ್ತಾರೆ: ಹತ್ತು, ಇಪ್ಪತ್ತು, ನಲವತ್ತು. ಕಾಲು ಗಂಟೆಯಲ್ಲಿ ಒಬ್ಬ ರೋಗಿಗೆ 75 ಆಂಪೂಲ್. ಈ ಲೆಕ್ಕವನ್ನು ವಿದ್ಯಾರ್ಥಿಯಿಂದಲೇ ಮಾಡಿಸಿ, ಆಮೇಲೆ ಕಪಾಟು ತೆರೆದು ಎಣಿಸಲು ಹೇಳಿ. ದಾಸ್ತಾನು ಯಾಕೆ ಎಣಿಸಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ಕಲಿಸಲಾರದು.

ಯಳಂದೂರಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಸೋಲಿಗರಲ್ಲಿ ಕಾಣುವ ಸಿಕಲ್ ಸೆಲ್ ರಕ್ತಹೀನತೆಯ ಕೆಲಸ ಅಲ್ಲಿ ಹಳೆಯದು. 2023ರ ಜುಲೈ 1ರಿಂದ ಈ ಕಾಯಿಲೆಗೆ ರಾಷ್ಟ್ರೀಯ ನಿರ್ಮೂಲನ ಅಭಿಯಾನವೂ ನಡೆದಿದೆ. ಇದಕ್ಕೆ ಕೊಡುವ ಹೈಡ್ರಾಕ್ಸಿಯೂರಿಯಾವನ್ನು ಕಪಾಟಿನಲ್ಲಿ ಹೈಡ್ರಾಕ್ಸಿಕ್ಲೋರೊಕ್ವಿನ್ ಪಕ್ಕದಲ್ಲಿಟ್ಟರೆ ಅವಸರದ ಕೈ ತಪ್ಪುತ್ತದೆ. ವಿದ್ಯಾರ್ಥಿಗೆ ಕಪಾಟನ್ನು ತೋರಿಸಿ, ಒಂದೇ ಥರ ಕಾಣುವ, ಒಂದೇ ಥರ ಕೇಳಿಸುವ ಜೋಡಿಗಳನ್ನು ಹುಡುಕಿ ಬೇರೆ ಇಡು ಎಂದು ಹೇಳಿ. ಮೆಟ್ರೊನಿಡಜೋಲ್ ಮತ್ತು ಮೆಟೊಪ್ರೊಲಾಲ್, ಪ್ರೆಡ್ನಿಸೊಲೋನ್ ಮತ್ತು ಪ್ರೊಪ್ರನಾಲಾಲ್ ಅವರ ಕಣ್ಣಿಗೆ ಬೀಳಬೇಕು. ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುವವರು ಆಗಾಗ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು, ಗರ್ಭಧಾರಣೆಯ ಯೋಚನೆ ಇದ್ದರೆ ವೈದ್ಯರಿಗೆ ಹೇಳಬೇಕು ಎಂಬ ಮಾತು ಅವರ ಬಾಯಲ್ಲಿ ಬರಬೇಕು. ಅದೇ ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು 1996ರಲ್ಲಿ ಕರುಣಾ ಟ್ರಸ್ಟ್ ವಹಿಸಿಕೊಂಡಿತು. ಸಮುದಾಯದ ನಡುವೆ ಔಷಧ ಹೇಗೆ ತಲುಪುತ್ತದೆ ಎಂಬುದನ್ನು ಕಲಿಯಲು ಇಂಥ ಜಾಗಗಳಲ್ಲಿ ಕೆಲವು ದಿನ ಕಳೆಯುವುದು ಒಳ್ಳೆಯದು.

ಇನ್ನು ಮಾತು. ಮಾರ್ಟಳ್ಳಿ, ರಾಮಾಪುರದ ಕಡೆಯಿಂದ ತಮಿಳು ಮಾತಾಡುವವರು, ಪೋಡುಗಳಿಂದ ಸೋಲಿಗರು, ಒಡೆಯರಪಾಳ್ಯದ ವಸತಿಯಿಂದ ಟಿಬೆಟನ್ನರು ಬರುತ್ತಾರೆ. ಅಕ್ಷರ ಬಾರದ ಹಿರಿಯರು ಎಲ್ಲ ಕಡೆಯಿಂದಲೂ ಬರುತ್ತಾರೆ. ಕವರಿನ ಮೇಲೆ ಸೂರ್ಯ, ಚಂದ್ರ, ಊಟದ ತಟ್ಟೆ ಬರೆದು ತಿಳಿಸುವುದು ಬಂದಿದೆಯೇ? ಭಾಷೆ ಬಾರದಿದ್ದಾಗ ದನಿ ಏರಿಸುತ್ತಾರೋ, ಬಲ್ಲವರನ್ನು ಕರೆಯುತ್ತಾರೋ? ಇದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಇರಲಿ.

ಅಂಕ ಬೇಡ, ನಂಬಿಕೆಯ ಮಟ್ಟ ಬರೆಯಿರಿ

ಹತ್ತಕ್ಕೆ ಎಂಟು, ಹತ್ತಕ್ಕೆ ಒಂಬತ್ತು ಎಂದು ಅಂಕ ಕೊಡುವುದು ಸುಲಭ, ಆದರೆ ಸರಾಸರಿ ಅಪಾಯವನ್ನು ಮುಚ್ಚಿಡುತ್ತದೆ. ಒಂಬತ್ತು ಕೆಲಸ ಚೆನ್ನಾಗಿ ಮಾಡಿ ಇನ್ಸುಲಿನ್ ಸಿರಿಂಜ್ ತಪ್ಪು ಕೊಟ್ಟವರು ಹತ್ತಕ್ಕೆ ಒಂಬತ್ತಲ್ಲ, ಇನ್ನೂ ತಯಾರಾಗಿಲ್ಲ. ನೆದರ್ಲೆಂಡ್ಸಿನ ಓಲೆ ಟೆನ್ ಕಾಟೆ 2005ರಲ್ಲಿ ಇದಕ್ಕೆ ಬೇರೆ ದಾರಿ ತೋರಿಸಿದರು: ಪ್ರತಿ ಕೆಲಸಕ್ಕೂ ಕಲಿಯುವವರನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಬರೆಯುವುದು. ನೋಡುವುದಷ್ಟೇ, ಪಕ್ಕದಲ್ಲಿ ನಾನಿದ್ದರೆ ಮಾಡಬಹುದು, ಕೂಗಿದರೆ ಬರುವಷ್ಟು ಹತ್ತಿರದಲ್ಲಿದ್ದರೆ ಮಾಡಬಹುದು, ಒಬ್ಬರೇ ಮಾಡಬಹುದು, ಇನ್ನೊಬ್ಬರಿಗೆ ಕಲಿಸಬಹುದು. ಕೊಳ್ಳೇಗಾಲದ ಮಗ್ಗದ ಮನೆಯಲ್ಲೂ ಹೊಸ ಹುಡುಗನಿಗೆ ಮೊದಲ ದಿನವೇ ಜರಿಯಂಚಿನ ಸೀರೆ ಕೊಡುವುದಿಲ್ಲ, ಕೈ ನೋಡಿಯೇ ಮುಂದಿನ ಕೆಲಸ.

ನಮ್ಮ ಕಾನೂನಿನಲ್ಲಿ ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ತಾವೇ ಕೊಡಬೇಕು ಅಥವಾ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು. ಆದ್ದರಿಂದ ವಿದ್ಯಾರ್ಥಿ ಎಷ್ಟೇ ಜಾಣರಾದರೂ ತರಬೇತಿಯಲ್ಲಿ ಮೂರನೇ ಮಟ್ಟವೇ ಕೊನೆ. ಮಾಲೀಕರು ಊಟಕ್ಕೆ ಹೋದಾಗ ಅಂಗಡಿ ವಿದ್ಯಾರ್ಥಿಯ ಮೇಲೆ ಬಿಟ್ಟುಹೋಗುವುದು ಕಾನೂನಿಗೆ ವಿರುದ್ಧ. ಸರ್ಟಿಫಿಕೇಟ್ ಒಬ್ಬರದು, ಕೌಂಟರಿನಲ್ಲಿ ನಿಲ್ಲುವವರು ಇನ್ನೊಬ್ಬರು ಎಂಬಂಥ ಅಂಗಡಿಗೆ ಮಕ್ಕಳನ್ನು ತರಬೇತಿಗೆ ಕಳಿಸಲೇಬೇಡಿ. ಅಲ್ಲಿ ಕಲಿಸುವವರೇ ಇರುವುದಿಲ್ಲ.

ಮೊದಲ ತಿಂಗಳ ಕೊನೆಗೆ, ಎರಡನೇ ತಿಂಗಳ ಕೊನೆಗೆ ಕೂತು ಪಟ್ಟಿ ನೋಡಿ. ಚೀಟಿ ಓದುವುದು ಮೂರನೇ ಮಟ್ಟಕ್ಕೆ ಬಂದು, ರೋಗಿಯೊಡನೆ ಮಾತು ಇನ್ನೂ ಒಂದರಲ್ಲೇ ಇದ್ದರೆ ಉಳಿದ ದಿನಗಳನ್ನು ಅದಕ್ಕೆ ಕೊಡಿ. ಕೊನೆಯ ದಿನ ಆಶ್ಚರ್ಯ ಯಾರಿಗೂ ಆಗಬಾರದು. ಒಬ್ಬರ ಕಣ್ಣೇ ನೋಡಿದರೆ ಪಕ್ಷಪಾತ ನುಸುಳುತ್ತದೆ, ನೆಂಟರ ಮಗ, ಪರಿಚಯದ ಕಾಲೇಜು, ತನ್ನ ಜಾತಿ ಎಲ್ಲವೂ. ಸಾಧ್ಯವಿದ್ದರೆ ಇನ್ನೊಬ್ಬ ಫಾರ್ಮಸಿಸ್ಟರಿಂದ ಎರಡು ಮೂರು ಸಲ ನೋಡಿಸಿ. ಹುಡುಗಿಯರನ್ನು ಬಿಲ್ ಮಾಡಲು ಕೂರಿಸಿ, ಹುಡುಗರನ್ನು ಕಾರ್ಟನ್ ಹೊರಲು ಕಳಿಸುವ ರೂಢಿ ಬಹಳ ಕಡೆ ಇದೆ. ಇಬ್ಬರೂ 250 ಗಂಟೆ ಚೀಟಿಯ ಮುಂದೆ ನಿಂತಿದ್ದಾರೆಯೇ ಎಂದು ಲೆಕ್ಕ ಹಾಕಿ. ಕಸ ಗುಡಿಸಿದ, ಟೀ ತಂದ ಗಂಟೆಗಳು ಆ ಲೆಕ್ಕಕ್ಕೆ ಬರುವುದಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮದೇ ಡೈರಿ ಇಟ್ಟುಕೊಳ್ಳಿ. ದಿನಕ್ಕೆ ಒಂದು ಹೊಸ ಔಷಧ, ಒಂದು ಅನುಮಾನ, ಅದಕ್ಕೆ ಸಿಕ್ಕ ಉತ್ತರ. ನೋಡಿ ಎಂದು ನೀವಾಗಿಯೇ ಕೇಳಿ, “ಸರ್, ಈ ಚೀಟಿ ನಾನು ಕೊಡ್ತೀನಿ, ನೀವು ನೋಡ್ತೀರಾ?” ಎನ್ನುವುದರಲ್ಲಿ ಸಂಕೋಚ ಬೇಡ. ಔಷಧದಿಂದ ತುರಿಕೆ, ಊತ, ತಲೆಸುತ್ತು ಬಂದ ರೋಗಿ ಕಂಡರೆ ವರದಿ ಕಳಿಸುವುದು ಹೇಗೆಂದು ಕಲಿಯಿರಿ. ಭಾರತದ ಔಷಧ ಜಾಗ್ರತಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024.

ಅಪ್ರೆಂಟಿಸ್ ಮಾಸ್ಟರ್ ಆಗಿರುವ ಹಿರಿಯರಲ್ಲಿ ಒಂದು ಬೇಡಿಕೆ. ಈ ಸಲ ನಿಮ್ಮ ಅಂಗಡಿಗೆ ವಿದ್ಯಾರ್ಥಿ ಬಂದ ಮೊದಲ ದಿನವೇ ಒಂದು ನೂರು ಪುಟದ ನೋಟ್‌ಬುಕ್ ತರಿಸಿ. ಕೊನೆಯ ದಿನ ಆ ಪುಸ್ತಕ ಖಾಲಿಯಿದ್ದರೆ ಸಹಿ ಹಾಕಬೇಡಿ, ಇನ್ನೊಂದು ತಿಂಗಳು ಬರಲು ಹೇಳಿ. ತಂದೆತಾಯಿಯರೂ ಅದಕ್ಕೆ ಒಪ್ಪಿಕೊಳ್ಳಿ.